ಆಗಿಬರಲ್ಲ ಅನ್ನೋ ಮುಂಚೆ ಅಳತೆ ತಗೊಳ್ಳಿ

ಸೈಕಲ್ ಕೊಳ್ಳುವಾಗ ನಾವು ಬಣ್ಣ ನೋಡ್ತೀವಿ, ಗೇರ್ ಎಷ್ಟು ಅಂತ ಕೇಳ್ತೀವಿ, ಡಿಸ್ಕ್ ಬ್ರೇಕ್ ಇದ್ಯಾ ಅಂತ ಬಗ್ಗಿ ನೋಡ್ತೀವಿ. ಸ್ಟೆಮ್ ಎಷ್ಟುದ್ದ ಇದೆ ಅಂತ ಕೇಳಿದವರನ್ನು ನಾನಂತೂ ನೋಡಿಲ್ಲ. ಸ್ಟೆಮ್ ಅಂದ್ರೆ ಮುಂದಿನ ಫೋರ್ಕ್‌ನಿಂದ ಮೇಲೆ ಬರೋ ಕೊಳವೆಗೂ ಹ್ಯಾಂಡಲ್‌ಬಾರ್‌ಗೂ ನಡುವೆ ಕೂತಿರೋ ಒಂದು ಗಿಡ್ಡ ಲೋಹದ ತುಂಡು. ಹ್ಯಾಂಡಲ್ ನಿಮ್ಮಿಂದ ಎಷ್ಟು ದೂರ ಇರಬೇಕು ಅಂತ ಕೊನೆಯ ಮಾತು ಹೇಳೋದು ಅದೇ.

ನನ್ನ ಮೌಂಟನ್ ಬೈಕ್‌ನಲ್ಲಿ ಅದು 90 ಮಿಲಿಮೀಟರ್ ಇತ್ತು. ಈಗ 60. ವ್ಯತ್ಯಾಸ 30 ಮಿಲಿಮೀಟರ್, ಅಂದ್ರೆ ಒಂದು ಇಂಚಿಗಿಂತ ಚೂರು ಜಾಸ್ತಿ. ಅಷ್ಟಕ್ಕೆ ಒಂದು ಲೇಖನ ಬೇಕಾ ಅಂತ ಕೇಳಬಹುದು. ಆ ಒಂದಿಂಚು ಸಿಗದೇ ಹೋಗಿದ್ರೆ ನಾನು ಸೈಕಲ್ ಬಿಡಬೇಕಿತ್ತು. ಹಾಗಾಗಿ ಬೇಕು ಅನ್ನಿಸಿತು.

ಅಣ್ಣನ ಸೈಕಲ್

ಈ ಸೈಕಲ್ ನಾನು ಕೊಂಡಿದ್ದಲ್ಲ. ಅಣ್ಣ 2016ರಲ್ಲಿ ತನ್ನ ಮೊದಲ ಬೋನಸ್‌ನಲ್ಲಿ ತಗೊಂಡಿದ್ದು. ಮುಂದೆ ಮಾತ್ರ ಸಸ್ಪೆನ್ಷನ್ ಇರೋ, ಹಿಂದೆ ಗಟ್ಟಿ ಫ್ರೇಮಿನ ಬೈಕ್. ಇದಕ್ಕೆ ಹಾರ್ಡ್‌ಟೇಲ್ ಅಂತಾರೆ. ಮೂರು ವರ್ಷದ ಹಿಂದೆ ಅವನು ಕೆಲಸದ ಮೇಲೆ ಜರ್ಮನಿಗೆ ಹೊರಟಾಗ, "ಮಾರೋದು ಬೇಡ ಕಣೇ, ನೀನೇ ಓಡಿಸು" ಅಂತ ನನ್ನ ಬಾಡಿಗೆ ಮನೆಯ ಬಾಲ್ಕನಿಯಲ್ಲಿ ಬಿಟ್ಟು ಹೋದ.

ಅಣ್ಣ 5 ಅಡಿ 8 ಇಂಚು, ನಾನು 5 ಅಡಿ 4 ಇಂಚು. ಸೈಕಲ್ ಎಂ ಸೈಜ್. ಕಂಪನಿಯ ಚಾರ್ಟ್ ನೋಡಿದ್ರೆ ಅಣ್ಣ ಎಂ ಸೈಜಿನ ನಟ್ಟ ನಡುವೆ ಬರ್ತಾನೆ. ನಾನು ಎಸ್‌ಗೂ ಎಂಗೂ ನಡುವಿನ ಗೆರೆ ಮೇಲೆ ನಿಂತಿದ್ದೀನಿ.

ಸೋಮವಾರದಿಂದ ಶುಕ್ರವಾರದವರೆಗೆ ನಾನು ನೋಡೋದು ಎರಡು ಮಾನಿಟರ್ ಮತ್ತು ಒಂದು ಕಿಟಕಿ. ಭಾನುವಾರ ಬೆಳಿಗ್ಗೆ ಕನಕಪುರ ರಸ್ತೆ ಹಿಡಿದು ತುರಹಳ್ಳಿ ಕಡೆ ಹೋದ್ರೆ ಕೆಂಪು ಮಣ್ಣು, ಬಂಡೆ, ಅದೃಷ್ಟ ಇದ್ರೆ ನವಿಲು. ಫೋನ್ ಜೇಬಿನಲ್ಲೇ ಇರುತ್ತೆ, ತೆಗೆಯೋಕೆ ಕೈ ಖಾಲಿ ಇರಲ್ಲ. ವಾರದಲ್ಲಿ ನನ್ನ ತಲೆ ಪೂರ್ತಿ ಸುಮ್ಮನಾಗೋದು ಆ ಎರಡು ಮೂರು ಗಂಟೆ ಮಾತ್ರ.

ಎರಡು ಬೆರಳು ಜೋಮು

ಕಳೆದ ವರ್ಷ ಕೈ ಜೋಮು ಹಿಡಿಯೋಕೆ ಶುರುವಾಯಿತು. ಕಿರುಬೆರಳು, ಅದರ ಪಕ್ಕದ ಉಂಗುರ ಬೆರಳು. ಸವಾರಿ ಶುರುವಾಗಿ ಮುಕ್ಕಾಲು ಗಂಟೆಗೆ ಇರುವೆ ಹರಿದ ಹಾಗೆ, ಆಮೇಲೆ ಏನೂ ಗೊತ್ತಾಗ್ತಿರಲಿಲ್ಲ. ಮೊದಮೊದಲು ಮನೆಗೆ ಬರೋ ಹೊತ್ತಿಗೆ ಸರಿಹೋಗ್ತಿತ್ತು. ಒಂದು ಸೋಮವಾರ ಸರಿಹೋಗಲಿಲ್ಲ. ಸೆಮಿಕೋಲನ್ ಒತ್ತೋದು, ಎಂಟರ್ ಒತ್ತೋದು, ಎಲ್ಲಾ ಬಲಗೈ ಕಿರುಬೆರಳಿನ ಕೆಲಸ. ಕೋಡ್ ಬರೆಯೋರಿಗೆ ಅದು ಸಣ್ಣ ಬೆರಳಲ್ಲ.

ಮೂಳೆ ಡಾಕ್ಟರ್ ಹತ್ತಿರ ಹೋದೆ. ಅವರು ಅಂಗೈ ಬುಡದಲ್ಲಿ, ಕಿರುಬೆರಳಿನ ಕಡೆಗೆ ಒಂದು ಜಾಗ ಒತ್ತಿ ತೋರಿಸಿದರು. ಅಲ್ಲೇ ಅಲ್ನರ್ ನರ ಹಾದುಹೋಗುತ್ತಂತೆ. ಕಿರುಬೆರಳಿಗೂ ಉಂಗುರ ಬೆರಳಿನ ಅರ್ಧಕ್ಕೂ ಸ್ಪರ್ಶ ಕೊಡೋದು ಅದೇ. ಮೈಭಾರ ಅಂಗೈ ಮೇಲೆ ಬಿದ್ದು, ಮಣಿಕಟ್ಟು ಹಿಂದಕ್ಕೆ ಬಾಗಿ, ಗಂಟೆಗಟ್ಟಲೆ ಹ್ಯಾಂಡಲ್ ಒತ್ತಿದ್ರೆ ಆ ನರ ನಲುಗುತ್ತೆ. ಸೈಕಲ್ ಸವಾರರಲ್ಲಿ ಇದು ಹೊಸದಲ್ಲ. "ಅಂಗೈ ಮೇಲಿನ ಭಾರ ಕಮ್ಮಿ ಮಾಡಿ. ಕಮ್ಮಿ ಆಗ್ಲಿಲ್ಲ ಅಂದ್ರೆ ಬನ್ನಿ, ತಡ ಮಾಡಬೇಡಿ" ಅಂದರು. ಸೈಕಲ್ ಬಿಡಿ ಅನ್ನಲಿಲ್ಲ.

ಆ ಮಾತು ಹೇಳೋಕೆ ಬೇರೆಯವರಿದ್ದರು. ಹಾಸನದಿಂದ ಅಮ್ಮ ಫೋನಿನಲ್ಲಿ, "ನಿಂಗೆ ಅದು ಆಗಿಬರಲ್ಲ ಅಂತ ಮೈಯೇ ಹೇಳ್ತಿದೆ, ಬಿಟ್ಹಾಕು" ಅಂದಳು. ಒಂದು ಸೈಕಲ್ ಅಂಗಡಿಗೆ ಹೋದೆ. ಕೌಂಟರಿನಲ್ಲಿದ್ದವರು ಸೈಕಲ್ಲಿಗಿಂತ ಮುಂಚೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮೇಡಂ, ಇದು ಜೆಂಟ್ಸ್ ಬೈಕ್, ನಿಮಗೆ ಆಗಲ್ಲ. ಲೇಡೀಸ್ ಮಾಡೆಲ್ ತೋರಿಸಲಾ?" ಅಂದರು. ಆಫೀಸಿನಲ್ಲಿ ಒಬ್ಬರು ಹ್ಯಾಂಡ್ ಗ್ಲೋವ್ಸ್ ಲಿಂಕ್ ಕಳಿಸಿದರು, ಇನ್ನೊಬ್ಬರು ಯೋಗ ಕ್ಲಾಸಿನ ಲಿಂಕ್.

ಎಲ್ಲರೂ ಆಗಲ್ಲ ಅಂತಲೇ ಹೇಳ್ತಿದ್ರು. ಎಷ್ಟು ಆಗಲ್ಲ ಅಂತ ಯಾರೂ ಹೇಳಲಿಲ್ಲ. ಒಂದು ಅಡಿಯಾ, ಒಂದು ಇಂಚಾ, ಅರ್ಧ ಇಂಚಾ? ಕೆಲಸದಲ್ಲಿ ಯಾರಾದ್ರೂ ಬಂದು "ಆ್ಯಪ್ ಸ್ಲೋ ಇದೆ" ಅಂದ್ರೆ ನಾವು ಮೊದಲು ಕೇಳೋದು ಎಷ್ಟು ಸೆಕೆಂಡ್ ಅಂತ. ಇಲ್ಲೂ ಅದನ್ನೇ ಕೇಳಬೇಕು ಅನ್ನಿಸಿತು.

ಮೊದಲು ಖರ್ಚಿಲ್ಲದ ಕೆಲಸ

ನನ್ನ ಟೀಮಿನಲ್ಲಿ ಒಬ್ಬ ಹಳೇ ಸವಾರ ಇದ್ದಾನೆ. ಅವನ ಮನೆ ಶೂ ರ‍್ಯಾಕ್ ಕೆಳಗೆ ಒಂದು ಡಬ್ಬ, ಅದರ ತುಂಬಾ ಹಳೇ ಸೈಕಲ್ ಸಾಮಾನು. ಅವನು ಹೇಳಿದ ಮೊದಲ ಮಾತು: "ಸ್ಟೆಮ್ ಮುಟ್ಟೋದು ಕೊನೆಗೆ. ದುಡ್ಡು ಬೇಡದ್ದನ್ನ ಮೊದಲು ನೋಡು."

ಸೀಟಿನ ಮೂತಿ ಕೆಳಗೆ ಬಾಗಿದ್ರೆ ಮೈ ಮುಂದಕ್ಕೆ ಜಾರುತ್ತೆ, ತಡೆಯೋ ಕೆಲಸ ಕೈ ಮೇಲೆ ಬೀಳುತ್ತೆ. ನನ್ನದು ಮಟ್ಟವಾಗಿತ್ತು. ಬ್ರೇಕ್ ಲಿವರ್ ತೀರಾ ಮೇಲಕ್ಕೋ ಕೆಳಕ್ಕೋ ಇದ್ರೆ ಮಣಿಕಟ್ಟು ಮುರಿದ ಹಾಗೆ ಬಾಗುತ್ತೆ. ತೋಳು, ಮಣಿಕಟ್ಟು, ಬೆರಳು ಒಂದೇ ಗೆರೆಗೆ ಬರೋ ಹಾಗೆ ಲಿವರ್ ತಿರುಗಿಸಿದೆವು. ಗ್ರಿಪ್ ಸವೆದು ಗಟ್ಟಿಯಾಗಿತ್ತು, ಬದಲಾಯಿಸಿದೆ. ಜೋಮು ಮುಕ್ಕಾಲು ಗಂಟೆ ಬದಲು ಒಂದು ಗಂಟೆಗೆ ಬಂತು.

ಹ್ಯಾಂಡಲ್ ದೂರ ಆಯ್ತು ಅಂತ ಸೀಟನ್ನೇ ಮುಂದಕ್ಕೆ ತಳ್ಳೋದು ತುಂಬಾ ಜನ ಮಾಡೋ ಕೆಲಸ. ಅದು ಬೇಡ ಅಂದ. ಸೀಟಿನ ಜಾಗ ನಿರ್ಧಾರ ಆಗಬೇಕಾದ್ದು ಪೆಡಲ್ ನೋಡಿ, ಮಂಡಿ ನೋಡಿ. ಕೈ ನೋವು ಹೋಗಿಸೋಕೆ ಸೀಟು ತಳ್ಳಿದ್ರೆ ಮಂಡಿ ನೋವು ಬರುತ್ತೆ.

ಆಮೇಲೆ ನನ್ನನ್ನು ಗೋಡೆ ಪಕ್ಕ ಸೈಕಲ್ ಮೇಲೆ ಕೂರಿಸಿ ಪಕ್ಕದಿಂದ ಫೋಟೋ ತೆಗೆದ. ಫೋಟೋದಲ್ಲಿ ನನ್ನ ಮೊಣಕೈ ಎರಡೂ ಕೋಲಿನ ಹಾಗೆ ನೆಟ್ಟಗಿದ್ದವು, ಭುಜ ಕಿವಿ ಹತ್ತಿರ ಇತ್ತು. ಮೊಣಕೈ ಸ್ವಲ್ಪ ಮಡಚಿದ್ರೆ ಅದೇ ಒಂದು ಸಸ್ಪೆನ್ಷನ್, ನೆಟ್ಟಗಿದ್ರೆ ಕಲ್ಲಿನ ಪ್ರತಿ ಏಟೂ ನೇರ ಅಂಗೈಗೆ. ಹ್ಯಾಂಡಲ್ ನನಗೆ ಸುಮಾರು ಒಂದು ಇಂಚು ದೂರ ಇತ್ತು. ಆಗಲ್ಲ ಅನ್ನೋದಕ್ಕೆ ಕೊನೆಗೂ ಒಂದು ಅಳತೆ ಸಿಕ್ಕಿತು.

ಉದ್ದದ ಹಿಂದೆ ಒಂದು ಇತಿಹಾಸ

ಇಂಟರ್ನೆಟ್ಟಿನಲ್ಲಿ ಹುಡುಕಿದ್ರೆ ಉತ್ತರ ಸುಲಭ: "35 ಹಾಕಿ, ಎಲ್ಲಾ ಸರಿಹೋಗುತ್ತೆ." ಅದು ಪೂರ್ತಿ ಸರಿಯಲ್ಲ. ಯಾಕೆ ಅಂತ ತಿಳ್ಕೊಳ್ಳೋಕೆ ಸ್ವಲ್ಪ ಹಿಂದೆ ಹೋಗಬೇಕು.

ಮೌಂಟನ್ ಬೈಕಿಂಗ್ ಹುಟ್ಟಿದ್ದು 1970ರ ದಶಕದಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಬೆಟ್ಟದ ದಾರಿಗಳಲ್ಲಿ. ದಪ್ಪ ಟೈರಿನ ಹಳೇ ಸೈಕಲ್‌ಗಳನ್ನು ಬೆಟ್ಟದ ಮೇಲಿಂದ ಕೆಳಗೆ ಬಿಡ್ತಿದ್ರು. ಆಮೇಲೆ ಅದು ರೇಸ್ ಆಯಿತು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ಗೂ ಬಂತು. ಆ ಕಾಲದ ರೇಸ್ ಬೈಕ್‌ಗಳು ರೋಡ್ ಬೈಕಿನ ಅಣ್ಣತಮ್ಮಂದಿರ ಹಾಗಿದ್ದವು. ಫ್ರೇಮ್ ಗಿಡ್ಡ, ಹ್ಯಾಂಡಲ್ ಕಿರಿದು, ಸ್ಟೆಮ್ ಮಾತ್ರ 120, 130 ಮಿಲಿಮೀಟರ್, ಕೆಲವು ಅದಕ್ಕಿಂತಲೂ ಉದ್ದ. ಸವಾರ ಮುಂದಕ್ಕೆ ಚಾಚಿ ಮಲಗಿದ ಹಾಗೆ ಕೂತು ಏರು ಹತ್ತಬೇಕು. ಇಳಿಜಾರಿನಲ್ಲಿ ಮೈಭಾರ ಮುಂದಿನ ಚಕ್ರದ ನೆತ್ತಿ ಮೇಲೇ ಇರ್ತಿತ್ತು, ಒಂದು ಕಲ್ಲು ತಗುಲಿದ್ರೆ ಹ್ಯಾಂಡಲ್ ದಾಟಿ ಬೀಳೋದೇ.

ಇದನ್ನ ತಿರುಗಿಸಿ ಯೋಚಿಸಿದವರಲ್ಲಿ ಗ್ಯಾರಿ ಫಿಷರ್ ಒಬ್ಬರು. 1990ರ ದಶಕದ ಕೊನೆಗೆ ಅವರ ಕಂಪನಿ ಫ್ರೇಮನ್ನು ಉದ್ದ ಮಾಡಿ ಸ್ಟೆಮ್ಮನ್ನು ಗಿಡ್ಡ ಮಾಡಿತು. ಸ್ಪೇನ್‌ನ ಮಾಂಡ್ರೇಕರ್ ಕಂಪನಿ 2012ರ ಸುಮಾರಿಗೆ ಇನ್ನೂ ಮುಂದೆ ಹೋಗಿ, ಬರೀ 10 ಮಿಲಿಮೀಟರ್ ಸ್ಟೆಮ್ ಇಟ್ಟ ಬೈಕ್ ತಂದಿತು. ಈಗಿನ ಟ್ರೇಲ್ ಬೈಕ್‌ಗಳಲ್ಲಿ 35ರಿಂದ 50 ಸಾಮಾನ್ಯ. ಏರು ಜಾಸ್ತಿ ಹತ್ತೋ ಕ್ರಾಸ್ ಕಂಟ್ರಿ ಬೈಕ್‌ಗಳಲ್ಲಿ 60ರಿಂದ 80.

ಇದರಲ್ಲಿ ಗಮನಿಸಬೇಕಾದ್ದು ಒಂದೇ: ಸ್ಟೆಮ್ ಗಿಡ್ಡ ಆಗುತ್ತಾ ಹೋದ ಹಾಗೆ ಫ್ರೇಮ್ ಉದ್ದ ಆಗುತ್ತಾ ಬಂತು. ಎರಡೂ ಜೋಡಿ. 35 ಹಾಕಿ ಅನ್ನೋರ ಬೈಕ್ ಹೊಸದು, ಫ್ರೇಮ್ ಉದ್ದ. ನನ್ನದು 2016ರದ್ದು, ಎರಡು ಕಾಲದ ಮಧ್ಯದ್ದು. ಅವರ ಸಂಖ್ಯೆ ನನಗೆ ಹಾಗೇ ನಡೆಯಲ್ಲ.

ಕಾಗದದ ಮೇಲೆ

ಸ್ಟೆಮ್ ಉದ್ದ ಅಳೆಯೋದು ತುದಿಯಿಂದ ತುದಿಗಲ್ಲ. ಫೋರ್ಕ್ ಕೊಳವೆಯ ನಡುವಿನಿಂದ ಹ್ಯಾಂಡಲ್‌ಬಾರ್‌ನ ನಡುವಿಗೆ. ಉದ್ದದ ಜೊತೆ ಕೋನ ಅಂತಲೂ ಇರುತ್ತೆ. ನನ್ನದು 6 ಡಿಗ್ರಿ ಮೇಲಕ್ಕೆ.

ಫ್ರೇಮಿನ ಮುಂಭಾಗ ಹಿಂದಕ್ಕೆ ವಾಲಿರೋದರಿಂದ, ನನ್ನ ಬೈಕಿನಲ್ಲಿ ಅದು 69 ಡಿಗ್ರಿ, ಸ್ಟೆಮ್ ನಿಜವಾಗಿ ನೆಲಕ್ಕೆ 27 ಡಿಗ್ರಿ ಏರಿನಲ್ಲಿ ನಿಂತಿರುತ್ತೆ. ಹಾಗಾಗಿ 90 ತೆಗೆದು 60 ಹಾಕಿದ್ರೆ ಹ್ಯಾಂಡಲ್ 30 ಮಿ.ಮೀ. ಹತ್ತಿರ ಬರಲ್ಲ, ಸುಮಾರು 27 ಬರುತ್ತೆ. ಜೊತೆಗೆ 14 ಮಿ.ಮೀ. ಕೆಳಗೂ ಇಳಿಯುತ್ತೆ! ಹತ್ತಿರ ತರೋಕೆ ಹೋಗಿ ಬಗ್ಗಿ ಕೂರೋ ಹಾಗಾದ್ರೆ ಅಂಗೈ ಮೇಲೆ ಭಾರ ಹೆಚ್ಚೇ ತಾನೇ?

ಪುಣ್ಯಕ್ಕೆ ಅಣ್ಣ ಹ್ಯಾಂಡಲ್ ತಗ್ಗಿಸಿಕೊಂಡು ಓಡಿಸ್ತಿದ್ದ. ಸ್ಟೆಮ್ ಮೇಲೆ 15 ಮಿ.ಮೀ. ಸ್ಪೇಸರ್ ಬಳೆಗಳು ಸುಮ್ಮನೆ ಕೂತಿದ್ದವು, ಕೊಳವೆ ಕತ್ತರಿಸಿರಲಿಲ್ಲ. ಅವನ್ನು ಸ್ಟೆಮ್ ಕೆಳಗೆ ಹಾಕಿದ್ರೆ ಹ್ಯಾಂಡಲ್ 14 ಮಿ.ಮೀ. ಮೇಲೆ ಬರುತ್ತೆ, ವಾಲಿಕೆಯಿಂದಾಗಿ 5 ಮಿ.ಮೀ. ಹಿಂದಕ್ಕೂ ಬರುತ್ತೆ. ಒಟ್ಟು 32 ಮಿ.ಮೀ. ಹತ್ತಿರ, ಎತ್ತರ ಮೊದಲಿದ್ದಷ್ಟೇ. ಪಿಯುಸಿಯಲ್ಲಿ ಓದಿದ ಸೈನ್, ಕಾಸ್ ಜೀವನದಲ್ಲಿ ಎಲ್ಲಿ ಬರುತ್ತೆ ಅಂತ ಕೇಳ್ತಿದ್ದ ನಮ್ಮ ಬ್ಯಾಚಿನವರಿಗೆ ಇದು ಅರ್ಪಣೆ.

ಹ್ಯಾಂಡಲ್‌ಬಾರ್ ಅಗಲವನ್ನೂ ಲೆಕ್ಕಕ್ಕೆ ಹಿಡೀಬೇಕು. ಬಾರ್ ಅಗಲ ಆದಷ್ಟೂ ಕೈ ಹೊರಗೆ ಚಾಚುತ್ತೆ, ಮೈ ಮುಂದೆ ಎಳೆಯುತ್ತೆ. ಬಾರ್ 20 ಮಿ.ಮೀ. ಅಗಲ ಮಾಡಿದ್ರೆ ಸ್ಟೆಮ್ 10 ಮಿ.ಮೀ. ಕಮ್ಮಿ ಮಾಡಿ ಅನ್ನೋದು ಸವಾರರ ಸ್ಥೂಲ ಲೆಕ್ಕ. ನಾನು ಬಾರ್ ಮುಟ್ಟಲಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ.

ಮಣ್ಣಿನ ಮೇಲೆ

ಗೆಳೆಯನ ಡಬ್ಬದಲ್ಲಿ 70, 60, 35 ಮೂರೂ ಇದ್ದವು. ಬಾರ್ ಹಿಡಿಯೋ ಜಾಗ ನನ್ನದರ ಹಾಗೆ 31.8 ಮಿ.ಮೀ. (35 ಮಿ.ಮೀ. ಬಾರ್‌ಗಳೂ ಇವೆ, ಕೊಳ್ಳೋ ಮುಂಚೆ ನೋಡಿ.) ಒಂದೊಂದು ಭಾನುವಾರ ಒಂದೊಂದು ಸ್ಟೆಮ್, ದಾರಿ ಅದೇ: ಒಂದು ಕಡಿದಾದ ಏರು, ಒಂದಷ್ಟು ತಿರುವು, ಬಂಡೆ ಮೇಲಿನ ಒಂದು ಇಳಿಜಾರು. ಟೈರ್ ಗಾಳಿಯೂ ಅಷ್ಟೇ. ಮನೆಗೆ ಬಂದ ತಕ್ಷಣ ಫೋನಿನಲ್ಲಿ ಮೂರು ಸಾಲು ಬರೆದಿಡ್ತಿದ್ದೆ.

90, ಹೋಲಿಕೆಗೆ: ಏರಿನಲ್ಲಿ ಮುಂದಿನ ಚಕ್ರ ನೆಲಕ್ಕೆ ಅಂಟಿಕೊಂಡಿರುತ್ತೆ, ಅದು ಚೆನ್ನ. ಇಳಿಜಾರಿನಲ್ಲಿ ಯಾರೋ ಹಿಂದಿನಿಂದ ತಳ್ಳಿದ ಹಾಗೆ. ಜೋಮು ಒಂದು ಗಂಟೆಗೆ.

70: ಭುಜ ಕಿವಿಯಿಂದ ಕೆಳಗಿಳಿಯಿತು. ಜೋಮು ಬಂತು, ಆದರೆ ತಡವಾಗಿ.

60: ಮೊಣಕೈ ತಾನಾಗೇ ಮಡಚಿತು. ಬಂಡೆ ಇಳಿಯುವಾಗ ಸೊಂಟ ಹಿಂದಕ್ಕೆ ತರೋಕೆ ಜಾಗ ಸಿಕ್ಕಿತು. ಕಡಿದಾದ ಏರಿನಲ್ಲಿ ಮಾತ್ರ ಸೀಟಿನ ಮೂತಿಗೆ ಸರಿದು ಕೂರಬೇಕಾಯಿತು. ಎರಡು ಗಂಟೆ ಆದ್ರೂ ಬೆರಳು ನನ್ನವೇ.

35: ಮೊದಲ ಹತ್ತು ನಿಮಿಷ ಸಕತ್ ಮಜಾ. ಹ್ಯಾಂಡಲ್ ತಿರುಗಿಸೋದೇ ಬೇಡ, ಅಂದುಕೊಂಡ್ರೆ ಸಾಕು ತಿರುಗುತ್ತೆ. ಆಮೇಲೆ ಏರು ಬಂತು. ಮುಂದಿನ ಚಕ್ರ ಅಲೆಮಾರಿಯ ಹಾಗೆ ಅತ್ತ ಇತ್ತ, ಒಂದೆರಡು ಕಡೆ ನೆಲ ಬಿಟ್ಟೇ ಎದ್ದಿತು. ಬಿಗಿ ತಿರುವಿನಲ್ಲಿ ಮಣ್ಣು ಸಡಿಲ ಇದ್ದ ಕಡೆ ಮುಂದಿನ ಟೈರ್ ಜಾರಿತು, ಅದರ ಮೇಲೆ ಭಾರವೇ ಇರಲಿಲ್ಲ. ನಿಂತು ಪೆಡಲ್ ಮಾಡಿದ್ರೆ ಮಂಡಿ ಹ್ಯಾಂಡಲ್ ಹತ್ತಿರ. ಕೈಯಿಂದ ಹೋದ ಭಾರವೆಲ್ಲ ಸೀಟಿನ ಮೇಲೆ ಬಂದು ಕೂತಿತ್ತು.

ಸ್ಟೆಮ್ ಉದ್ದ ಅಂದ್ರೆ ನಿಜವಾಗಿ ಇದೇ ಹಂಚಿಕೆ. ನಿಮ್ಮ ಭಾರದಲ್ಲಿ ಕೈಗೆಷ್ಟು, ಸೀಟಿಗೆಷ್ಟು, ಮುಂದಿನ ಚಕ್ರಕ್ಕೆಷ್ಟು. ಕೈಗೆ ಆರಾಮ ಕೊಡೋಕೆ ಹೋಗಿ ಚಕ್ರಕ್ಕೆ ಏನೂ ಉಳಿಸದಿದ್ರೆ ಅದು ಮಾತು ಕೇಳಲ್ಲ. ನನ್ನ ಮೈಗೆ, ಈ ಫ್ರೇಮಿಗೆ, ಈ ದಾರಿಗೆ 60. ನಿಮ್ಮದು 50 ಇರಬಹುದು, 80 ಇರಬಹುದು.

ಹಾಕುವಾಗ ಗಮನಿಸಿ

ಅಲೆನ್ ಕೀ ಇದ್ರೆ ಹತ್ತು ನಿಮಿಷದ ಕೆಲಸ, ಆದರೆ ಕ್ರಮ ಮುಖ್ಯ. ಬಿಚ್ಚುವಾಗ ಮುಂದಿನ ಚಕ್ರ ನೆಲದ ಮೇಲೆ ಇರಲಿ, ಇಲ್ಲಾಂದ್ರೆ ಫೋರ್ಕ್ ಕೆಳಗೆ ಜಾರುತ್ತೆ. ಹಾಕುವಾಗ ನೆತ್ತಿ ಮೇಲಿನ ಮುಚ್ಚಳದ ಬೋಲ್ಟ್ ಮೊದಲು. ಅದು ಇರೋದು ಸ್ಟೆಮ್ ಹಿಡಿದಿಡೋಕಲ್ಲ, ಒಳಗಿನ ಬೇರಿಂಗ್‌ನ ಅಲುಗಾಟ ತೆಗೆಯೋಕೆ. ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಅಲ್ಲಾಡಿಸಿ ನೋಡಿ. ಟಕಟಕ ಅನ್ನಬಾರದು, ಹ್ಯಾಂಡಲ್ ತಿರುಗೋದೂ ಬಿಗಿ ಆಗಬಾರದು. ಆಮೇಲೆ ಚಕ್ರಕ್ಕೆ ನೇರ ಮಾಡಿ ಪಕ್ಕದ ಬೋಲ್ಟ್‌ಗಳನ್ನು ಒಂದಾದ ಮೇಲೆ ಒಂದು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಎಷ್ಟು ಬಿಗಿ ಅಂತ ಸ್ಟೆಮ್ ಮೇಲೇ ಬರೆದಿರುತ್ತೆ, ಸಾಮಾನ್ಯವಾಗಿ 4ರಿಂದ 6 ನ್ಯೂಟನ್ ಮೀಟರ್. ಟಾರ್ಕ್ ರೆಂಚ್ ಇಲ್ಲದಿದ್ರೆ ಇರೋರ ಹತ್ತಿರ ಮಾಡಿಸಿ. ಬೋಲ್ಟ್ ಬಿಚ್ಚಿಕೊಂಡ್ರೆ ಹಲ್ಲು ಹೋಗುತ್ತೆ, ಬೋಲ್ಟಿನದಲ್ಲ, ನಮ್ಮದು.

ಅಮ್ಮನ ಲೆಕ್ಕ

ಅಮ್ಮ ಇಪ್ಪತ್ತೈದು ವರ್ಷದಿಂದ ಬ್ಲೌಸ್ ಹೊಲೀತಾಳೆ. ಇಷ್ಟೆಲ್ಲ ಆದ ಮೇಲೆ ಒಂದು ದಿನ ವಿಡಿಯೋ ಕಾಲ್‌ನಲ್ಲಿ ಎರಡು ಸ್ಟೆಮ್ಮನ್ನೂ ಪಕ್ಕಪಕ್ಕ ಹಿಡಿದು ತೋರಿಸಿದೆ.

"ಇಷ್ಟಕ್ಕೇನಾ ಕೈ ಜೋಮು ಬಂದಿದ್ದು?"

"ಹೂಂ. ತೋಳು ಬಿಗಿ ಆದ್ರೆ ನೀನು ಬ್ಲೌಸ್ ಬಿಸಾಕು ಅಂತೀಯಾ?"

"ಯಾಕೆ ಬಿಸಾಕ್ತಾರೆ? ಒಳಗೆ ಬಟ್ಟೆ ಬಿಟ್ಟಿರ್ತೀನಲ್ಲ, ಹೊಲಿಗೆ ಬಿಚ್ಚಿ ಬಿಟ್ಟುಕೊಡ್ತೀನಿ." ಸ್ವಲ್ಪ ತಡೆದು ಸೇರಿಸಿದಳು: "ಬಿಟ್ಟಿರೋ ಅಷ್ಟೇ ಮತ್ತೆ. ಅದಕ್ಕಿಂತ ಜಾಸ್ತಿ ಬೇಕಂದ್ರೆ ಹೊಸ ಬ್ಲೌಸೇ."

ಸ್ಟೆಮ್ ಬಗ್ಗೆ ಇದಕ್ಕಿಂತ ಸರಿಯಾಗಿ ಹೇಳೋಕೆ ನನಗೆ ಬರಲ್ಲ. ಅಣ್ಣನ ಸೈಕಲ್ ಎಲ್ ಸೈಜ್ ಆಗಿದ್ರೆ ಯಾವ ಸ್ಟೆಮ್ಮೂ ನನ್ನನ್ನು ಕಾಪಾಡ್ತಿರಲಿಲ್ಲ. ಫ್ರೇಮ್ ಒಂದು ಸೈಜ್ ತಪ್ಪಿದ್ರೆ ಸೈಕಲ್ಲೇ ಬದಲಾಗಬೇಕು. ಗೆರೆ ಮೇಲೆ ನಿಂತವರಿಗೆ ಮಾತ್ರ ಈ ಒಂದಿಂಚಿನ ಬಟ್ಟೆ ಒಳಗೆ ಇರುತ್ತೆ.

ಅಮ್ಮನಿಗೆ ಹಿಂದೆ ಹೊಲಿಗೆ ಮಿಷನ್ ತುಳಿದು ತುಳಿದು ಸೊಂಟ ಹಿಡಿದುಕೊಂಡಿತ್ತು. ಆಗಲೂ ಎಲ್ಲರೂ ಬಿಟ್ಹಾಕು ಅಂದಿದ್ರು. ಅವಳು ಸ್ಟೂಲ್ ಕೆಳಗೆ ಎರಡು ಹಲಗೆ ತುಂಡು ಇಟ್ಟು ಎತ್ತರ ಮಾಡ್ಕೊಂಡಳು. ಆ ಸ್ಟೂಲ್ ಇವತ್ತಿಗೂ ಇದೆ. ಅದನ್ನ ನೆನಪಿಸಿದೆ. "ಅದು ಹೊಟ್ಟೆಪಾಡು ಕಣೇ, ಇದು ಶೋಕಿ" ಅಂದಳು.

ಮಾತು ಸರಿಯೇ. ಸೈಕಲ್ ಬಿಟ್ರೆ ನನಗೇನೂ ಊಟ ತಪ್ಪಲ್ಲ. ಆದರೆ ಶೋಕಿ ಅನ್ನೋ ಕಾರಣಕ್ಕೇ ನಾವು ಎಷ್ಟು ಬೇಗ ಬಿಟ್ಟುಬಿಡ್ತೀವಿ ನೋಡಿ. ಆಫೀಸ್ ಕುರ್ಚಿ ಸರಿಯಿಲ್ಲದಿದ್ರೆ ಹೋರಾಡಿ ಬದಲಾಯಿಸ್ತೀವಿ. ವೀಣೆ ಹಿಡಿದ್ರೆ ಬೆನ್ನು ನೋವು, ಈಜು ಹೋದ್ರೆ ಭುಜ ನೋವು, ನಂಗದು ಆಗಿಬರಲ್ಲ ಅಂತ ಮುಚ್ಚಿಡ್ತೀವಿ. ಕೂರೋ ಭಂಗಿ ಒಂದಿಂಚು ಬದಲಾದ್ರೆ ಸಾಕಿತ್ತೇನೋ, ಅಳತೆ ತೆಗೆದು ನೋಡಿದವರಿಲ್ಲ. ಹುಡುಗಿಯರಿಗಂತೂ ಆ ಮಾತನ್ನು ಬೇರೆಯವರೇ ಮುಂಚಿತವಾಗಿ ಹೇಳಿಬಿಡ್ತಾರೆ.

ಈಗ ಎಂಟು ತಿಂಗಳಾಯಿತು. ಜೋಮು ಪೂರ್ತಿ ಹೋಗಿದೆ ಅನ್ನಲ್ಲ. ಮೂರು ಗಂಟೆ ದಾಟಿದ್ರೆ ಕಿರುಬೆರಳು ಒಮ್ಮೊಮ್ಮೆ ನೆನಪು ಮಾಡುತ್ತೆ. ನಿಲ್ಲಿಸಿ, ಕೈ ಕೊಡವಿ, ನೀರು ಕುಡಿದು ಹೊರಡ್ತೀನಿ. ಸೋಮವಾರ ಸೆಮಿಕೋಲನ್ ತಪ್ಪಲ್ಲ. ಡಾಕ್ಟರ್ ಹತ್ತಿರ ಒಂದು ಸಲ ತೋರಿಸಿ ಬಂದೆ, ಮುಂದುವರಿಸಿ ಅಂದರು.

ಡಿಸೆಂಬರ್‌ನಲ್ಲಿ ಅಣ್ಣ ರಜಕ್ಕೆ ಬರ್ತಾನಂತೆ. 90ರ ಸ್ಟೆಮ್ ಒರೆಸಿ, ಬೋಲ್ಟ್ ಸಮೇತ ಒಂದು ಕವರ್‌ನಲ್ಲಿ ಕಟ್ಟಿ ಇಟ್ಟಿದ್ದೀನಿ. ಅವನು ಓಡಿಸೋದಾದ್ರೆ ಬದಲಾಯಿಸೋಕೆ ಹತ್ತು ನಿಮಿಷ. ಅವನು ವಾಪಸ್ ಹೋದ ಮೇಲೆ ಇನ್ನೊಂದು ಹತ್ತು ನಿಮಿಷ.